ಬಿಟ್ಟುಹೋದದ್ದು ಯಾರದು?



ಮನೆಗೆ ಬಂದ ನೆಂಟರು ಹೊರಟ ಮೇಲೆ ಏನಾದರೊಂದು ಉಳಿದೇ ಇರುತ್ತದೆ. ಗೋಡೆಗೆ ಸಿಕ್ಕಿಸಿದ ಚಾರ್ಜರ್, ಮೊಳೆಗೆ ತೂಗುಹಾಕಿದ ಸ್ವೆಟರ್, ಅಜ್ಜನ ಕನ್ನಡಕದ ಡಬ್ಬಿ. ಇವುಗಳದ್ದು ದೊಡ್ಡ ಮಾತಲ್ಲ. ಫೋನು ಮಾಡುತ್ತೇವೆ, ಆ ಕಡೆ ಹೋಗುವವರು ಸಿಕ್ಕರೆ ಅವರ ಕೈಗೆ ಕೊಡುತ್ತೇವೆ. ಪ್ರಶ್ನೆ ಹುಟ್ಟುವುದು ಕೇಳುವವರೇ ಇಲ್ಲದ ವಸ್ತುಗಳ ಬಗ್ಗೆ. ಕೆಲಸ ಹುಡುಕಿಕೊಂಡು ಬಂದು ಎರಡು ತಿಂಗಳು ತಂಗಿದ್ದವನು "ಬಂದು ಒಯ್ಯುತ್ತೇನೆ" ಎಂದು ಬಿಟ್ಟುಹೋದ ಟ್ರಂಕು ವರ್ಷ ಕಳೆದರೂ ಮಂಚದ ಕೆಳಗೇ ಇದೆ. ಅವನ ಫೋನು ಹತ್ತುವುದಿಲ್ಲ. ನಮ್ಮದೋ ಎರಡು ಕೋಣೆಯ ಬಾಡಿಗೆ ಮನೆ. ಆ ಟ್ರಂಕನ್ನು ಏನು ಮಾಡಬೇಕು?

ನಮ್ಮ ಕಡೆ ಇದು ಅಪರೂಪದ ಪ್ರಶ್ನೆಯೇನಲ್ಲ. ಉಮರ್ಗಾ ಇರುವುದು ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲೆ. ಅತ್ತಿಂದಿತ್ತ ಹೋಗುವ ಬಂಧುಗಳಿಗೆಲ್ಲ ನಮ್ಮ ಮನೆಗಳೇ ತಂಗುದಾಣ. ಉದಗೀರ, ನಿಲಂಗಾಗಳಲ್ಲಿ ಕಾಲೇಜು ಹುಡುಗರು ಮೂವರು ನಾಲ್ವರು ಸೇರಿ ಕೋಣೆ ಹಿಡಿಯುತ್ತಾರೆ. ಒಬ್ಬ ಮಧ್ಯದಲ್ಲಿ ಬಿಟ್ಟುಹೋದರೆ ಅವನ ಗಂಟು ಉಳಿದವರ ತಲೆಗೆ. ಮರಾಠವಾಡದಿಂದ ಕಬ್ಬು ಕಡಿಯಲು ಹೋಗುವ ಕುಟುಂಬಗಳು ಆರು ತಿಂಗಳ ಮಟ್ಟಿಗೆ ಪಾತ್ರೆಪಗಡೆಗಳನ್ನು ನೆರೆಯವರ ಬಳಿ ಇಟ್ಟು ಹೊರಡುತ್ತವೆ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದಾಗ ಪುಣೆ, ಮುಂಬಯಿ, ಹೈದರಾಬಾದಿನಿಂದ ಒಂದೇ ಚೀಲ ಹೆಗಲಿಗೇರಿಸಿಕೊಂಡು ಊರು ಸೇರಿದ ನಮ್ಮ ಯುವಕರಿಗೆ ಈ ಪ್ರಶ್ನೆ ಇನ್ನೊಂದು ತುದಿಯಿಂದ ಗೊತ್ತು. ಅಲ್ಲಿನ ಕೋಣೆಗಳಲ್ಲಿ ಅವರ ಹಾಸಿಗೆ, ಸ್ಟೌ, ಹತ್ತನೆಯ ತರಗತಿಯ ಮೂಲ ಅಂಕಪಟ್ಟಿ ಉಳಿದಿದ್ದವು. ಕೆಲವರು ಮರಳಿ ಹೋದಾಗ ಎಲ್ಲವೂ ಜೋಡಿಸಿಟ್ಟಂತೆ ಸಿಕ್ಕವು. ಕೆಲವರಿಗೆ ಬರಿಯ ಗೋಡೆ ಸಿಕ್ಕಿತು.

"ಬಿಟ್ಟ ಮೇಲೆ ಅವನದೇನು ಹಕ್ಕು?" ಎಂದು ಕೇಳುವವರಿದ್ದಾರೆ. ಬಿಡುವುದು ಬೇರೆ, ಎಸೆಯುವುದು ಬೇರೆ. ಎಸೆದವನು ವಸ್ತುವಿನ ಮೇಲಿನ ಮನಸ್ಸನ್ನು ತೆಗೆದುಕೊಂಡಿರುತ್ತಾನೆ; ಬಿಟ್ಟವನ ಮನಸ್ಸು ಇನ್ನೂ ಅದರ ಮೇಲಿರಬಹುದು. ಏಳನೆಯ ಆಜ್ಞೆಯೆಂದರೆ ಜೇಬಿಗೆ ಕೈ ಹಾಕುವ ಕಳ್ಳನಿಗೆ ಮಾತ್ರ ಎಂದು ನಾವು ತಿಳಿದಿರುತ್ತೇವೆ. ಆದರೆ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 2409ನೆಯ ಪರಿಚ್ಛೇದದಲ್ಲಿ, ಎರವಲು ಪಡೆದ ಅಥವಾ ಕಳೆದುಹೋದ ವಸ್ತುಗಳನ್ನು ಬೇಕೆಂದೇ ಇಟ್ಟುಕೊಳ್ಳುವುದನ್ನೂ ಅದೇ ಆಜ್ಞೆಯ ಕೆಳಗೆ ತರುತ್ತದೆ. ನಾಡಿನ ಕಾನೂನು ಸುಮ್ಮನಿದ್ದರೂ ಅದು ತಪ್ಪೇ ಎನ್ನುತ್ತದೆ.

ಹಾಗೆ ನೋಡಿದರೆ ನಾಡಿನ ಕಾನೂನೂ ಸುಮ್ಮನಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಕಲಂ 71ರ ಪ್ರಕಾರ, ಬೇರೆಯವರ ವಸ್ತು ಸಿಕ್ಕಿ ಅದನ್ನು ವಶಕ್ಕೆ ತೆಗೆದುಕೊಂಡವನು ಅದನ್ನು ನಂಬಿ ಒಪ್ಪಿಸಿಕೊಂಡವನ ಹಾಗೆಯೇ ಹೊಣೆಗಾರ. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಕಾಳಜಿ ಸಾಕು, ಅದಕ್ಕಿಂತ ಹೆಚ್ಚು ಬೇಡ. (ನಮ್ಮಲ್ಲಿ ರಸಾಯನಶಾಸ್ತ್ರ ಓದಿದವರ ಮಾತು: ನುಸಿಗುಳಿಗೆ ಹಾಕಿಟ್ಟರೆ ಮುಗಿಯಲಿಲ್ಲ, ಅದು ತಾನೇ ಆವಿಯಾಗಿ ಹೋಗುತ್ತದೆ. ಆರು ತಿಂಗಳಿಗೊಮ್ಮೆ ನೋಡಿ.) ಒಡೆಯನನ್ನು ತಕ್ಕ ಪ್ರಯತ್ನ ಮಾಡಿ ಹುಡುಕಿಯೂ ಸಿಗದಿದ್ದರೆ, ವಸ್ತು ಕೆಡುವಂತಿದ್ದರೆ ಅಥವಾ ಕಾಯುವ ನ್ಯಾಯವಾದ ಖರ್ಚು ಅದರ ಬೆಲೆಯ ಮೂರರಲ್ಲಿ ಎರಡು ಪಾಲಿಗೆ ಮುಟ್ಟಿದರೆ ಮಾರಬಹುದು ಎಂದು ಕಲಂ 169 ಹೇಳುತ್ತದೆ. ಅದೂ ಸಾಮಾನ್ಯವಾಗಿ ಮಾರಾಟವಾಗುವ ವಸ್ತುಗಳ ಮಾತು. ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳದ್ದಲ್ಲ.

ಈ ಕಾಯ್ದೆಗೂ ಮೋಶೆಯ ಧರ್ಮಶಾಸ್ತ್ರಕ್ಕೂ ಒಂದು ಅಂತರವಿದೆ. ಕಾಯ್ದೆಯ ಹೊಣೆ ಶುರುವಾಗುವುದು ನಾವು ವಸ್ತುವನ್ನು ಕೈಗೆತ್ತಿಕೊಂಡ ಮೇಲೆ. ಕಂಡೂ ಕಾಣದವರಂತೆ ಹೋದರೆ ಅದು ನಮ್ಮನ್ನು ಹಿಡಿಯುವುದಿಲ್ಲ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ತಪ್ಪಿಸಿಕೊಂಡ ಎತ್ತು, ಕತ್ತೆ, ಬಟ್ಟೆಗಳ ಬಗ್ಗೆ ಹೇಳುವಾಗ ಆ ಸಂದನ್ನೇ ಮುಚ್ಚಿಬಿಡುತ್ತದೆ. ಕಾಣದವರಂತೆ ಹೋಗಕೂಡದು, ಒಡೆಯ ದೂರದವನಾಗಿದ್ದರೆ, ಯಾರೆಂದೇ ತಿಳಿಯದಿದ್ದರೆ, ಅವನು ಹುಡುಕಿಕೊಂಡು ಬರುವ ತನಕ ನಮ್ಮ ಮನೆಯಲ್ಲಿಟ್ಟುಕೊಳ್ಳಬೇಕು. ಪಾದುವದ ಸಂತ ಅಂತೋಣಿಯವರಿಗೆ ಹರಕೆ ಹೊತ್ತು ಯಾರೋ ಹುಡುಕುತ್ತಿರುವ ವಸ್ತು ನಮ್ಮ ಅಟ್ಟದ ಮೇಲೇ ಇರಬಹುದಲ್ಲ!

ಸಂತ ಪೌಲರೇ ಇಂಥ ಅತಿಥಿ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ತ್ರೋವದಲ್ಲಿ ಕಾರ್ಪನ ಬಳಿ ಬಿಟ್ಟುಬಂದ ಮೇಲಂಗಿಯನ್ನು, ಪುಸ್ತಕಗಳನ್ನು, ಮುಖ್ಯವಾಗಿ ಚರ್ಮದ ಹಾಳೆಗಳನ್ನು ತರಲು ಕೇಳುತ್ತಾರೆ. ಅವರು ಆಗ ಸೆರೆಯಲ್ಲಿದ್ದರು, ಚಳಿಗಾಲಕ್ಕೆ ಮುಂಚೆಯೇ ಬಾ ಎಂದೂ ಬರೆಯುತ್ತಾರೆ. ಕಾರ್ಪನ ಬಗ್ಗೆ ಪವಿತ್ರ ಗ್ರಂಥ ಬೇರೇನೂ ಹೇಳುವುದಿಲ್ಲ. ಅವನು ಬೋಧಿಸಿದನೋ, ಸಾಕ್ಷಿಯಾಗಿ ಸತ್ತನೋ, ಅಲ್ಲಿಲ್ಲ. ಹೆಸರು ಉಳಿದದ್ದು ಒಬ್ಬರ ಅಂಗಿ ಅವನ ಮನೆಯಲ್ಲಿದ್ದ ಕಾರಣಕ್ಕೆ. ಪೌಲರು ಅದನ್ನು ಇದೆಯೋ ಇಲ್ಲವೋ ಎಂಬ ಅನುಮಾನದಿಂದ ಕೇಳುವುದಿಲ್ಲ ಎಂಬುದನ್ನೂ ಗಮನಿಸಿ.

ಇನ್ನು, ಹೋದವನು ನಮಗೆ ದುಡ್ಡು ಕೊಡಬೇಕಿದ್ದರೆ? ಕೋಣೆಯ ಪಾಲು ಕೊಡದೆ ಹೋದವನ ಲ್ಯಾಪ್‌ಟಾಪ್ ಇಟ್ಟುಕೊಂಡರೇನು ಎಂದು ಹುಡುಗರು ಸಿಟ್ಟಿನಿಂದಲೇ ಕೇಳುತ್ತಾರೆ. ಸಿಟ್ಟು ಸುಳ್ಳಲ್ಲ. ಆದರೆ ವಸ್ತುವನ್ನು ಕಾಯ್ದಿಡಲು ತಗುಲಿದ ಖರ್ಚನ್ನು ಕೇಳುವುದು ಒಂದು, ಹಳೆಯ ಸಾಲಕ್ಕೆ ಅದನ್ನು ತಾನೇ ಒತ್ತೆ ಮಾಡಿಕೊಳ್ಳುವುದು ಇನ್ನೊಂದು. ಅದೇ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಸಾಲ ಕೊಟ್ಟವನು ಒತ್ತೆಗಾಗಿ ಸಾಲಗಾರನ ಮನೆಯೊಳಗೆ ಕಾಲಿಡುವಂತಿಲ್ಲ, ಹೊರಗೆ ನಿಲ್ಲಬೇಕು. ಬಡವನ ಹೊದಿಕೆಯಾದರೆ ಹೊತ್ತು ಮುಳುಗುವಾಗ ಹಿಂದಿರುಗಿಸಬೇಕು. ಸಾಲವನ್ನು ಸಾಲವಾಗಿ ಕೇಳೋಣ, ನಾಲ್ವರ ಮುಂದೆ ಕೇಳೋಣ.

ಒಡೆಯ ದೂರವಿದ್ದರೆ ಏನು ಮಾಡಬೇಕೆಂದು 13ನೆಯ ಶತಮಾನದಲ್ಲೇ ಸಂತ ತೋಮಾಸ್ ಅಕ್ವಿನಾಸರು ಬಿಡಿಸಿ ಬರೆದಿದ್ದಾರೆ. ಬೆಲೆಬಾಳುವುದು, ಸುಲಭವಾಗಿ ಕಳಿಸಬಹುದಾದದ್ದು ಎಂದರೆ ಕಳಿಸಿಬಿಡಬೇಕು. ಇಲ್ಲವಾದರೆ ಭದ್ರವಾದ ಕಡೆ ಇಟ್ಟು ಅವನಿಗೆ ತಿಳಿಸಬೇಕು. ಸತ್ತಿದ್ದರೆ ವಾರಸುದಾರರಿಗೆ. ಯಾರೆಂದೇ ತಿಳಿಯದಿದ್ದರೆ, ಚೆನ್ನಾಗಿ ವಿಚಾರಿಸಿದ ಮೇಲೆ ಮಾತ್ರ, ಅವನ ಆತ್ಮದ ಒಳಿತಿಗಾಗಿ ಬಡವರಿಗೆ ದಾನ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಮನೆಗಳನ್ನು ಕೆಡವಿದ್ದನ್ನು ನಮ್ಮ ಹಿರಿಯರು ಇನ್ನೂ ಹೇಳುತ್ತಾರೆ. ಮಣ್ಣಿನಡಿಯಿಂದ ಎತ್ತಿದ ಕೊಡ, ಪೆಟ್ಟಿಗೆ ಯಾರದು ಎಂಬ ಪ್ರಶ್ನೆ ಅಂಥ ಹೊತ್ತಿನಲ್ಲಿ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. "ಮಾರಿ ದಾನ ಮಾಡಿದರಾಯಿತು" ಎಂದು ಮೊದಲ ದಿನವೇ ಹೇಳುವವರ ಬಗ್ಗೆ ನಮಗೆ ಸ್ವಲ್ಪ ಅಳುಕು. ಬೇರೆಯವರ ವಸ್ತುವಿನಲ್ಲಿ ಉದಾರಿಯಾಗುವುದು ಬಹಳ ಸುಲಭ.

ನಮ್ಮ ಕಥೋಲಿಕ ಬೈಬಲಿನಲ್ಲಿರುವ ತೊಬಿತನ ಗ್ರಂಥ ಇಲ್ಲಿ ಓದತಕ್ಕದ್ದು. ತೊಬಿತನು ಮೇದ್ಯ ನಾಡಿನ ಗಬಯೇಲನ ಬಳಿ ಹತ್ತು ತಲೆಂತು ಬೆಳ್ಳಿ ಇಟ್ಟು ಬಂದಿದ್ದ. ಹೋಗುವ ದಾರಿ ಕೆಟ್ಟು, ಸುಮಾರು ಇಪ್ಪತ್ತು ವರ್ಷ ತರಲಾಗಲಿಲ್ಲ. ಕೊನೆಗೆ ರಫಾಯೆಲರು ಹೋಗಿ ಕೇಳಿದಾಗ ಗಬಯೇಲ ಚೀಲಗಳನ್ನು ಮುದ್ರೆ ಒಡೆಯದೆ ಎಣಿಸಿ ಕೊಟ್ಟ. ಅದೇ ಗ್ರಂಥದಲ್ಲಿ ಇನ್ನೊಂದು ಪ್ರಸಂಗವೂ ಇದೆ. ಹೆಂಡತಿ ಅನ್ನಳಿಗೆ ಕೂಲಿಯ ಮೇಲೆ ಬಹುಮಾನವಾಗಿ ಸಿಕ್ಕ ಆಡಿನ ಮರಿ ಕೂಗಿದ್ದು ಕೇಳಿ, ಕುರುಡನಾಗಿದ್ದ ತೊಬಿತ ಅದು ಕದ್ದದ್ದಿರಬೇಕೆಂದು ಪಟ್ಟು ಹಿಡಿಯುತ್ತಾನೆ. ಪರರ ವಸ್ತು ಬೇಡವೆಂಬ ನೇಮವೇ ಸ್ವಂತ ಹೆಂಡತಿಯ ಮೇಲಿನ ಸಂಶಯವಾಗುತ್ತದೆ. ನೆಂಟರ ಸರ ಕಾಣದಾದಾಗ ಮನೆಗೆಲಸದವಳನ್ನು ಮೊದಲು ಕೇಳುವ ಮನೆಗಳು ನಮ್ಮಲ್ಲೂ ಇವೆ.

ನಿಲಂಗಾ, ಉದಗೀರ 1956ರ ತನಕ ಬೀದರ ಜಿಲ್ಲೆಯಲ್ಲೇ ಇದ್ದವು. ಆ ವರ್ಷ ನಮ್ಮ ಜನ ಇದ್ದಲ್ಲೇ ಇದ್ದರು, ಗಡಿ ಎದ್ದು ಹೋಯಿತು. ಅದಕ್ಕೂ ಮುಂಚೆ, ರಜಾಕಾರರ ಕಾಲದಲ್ಲೂ 1948ರ ಪೊಲೀಸ್ ಕಾರ್ಯಾಚರಣೆಯ ನಂತರವೂ, ಬೇರೆ ಬೇರೆ ಧರ್ಮದವರು ಸರದಿಯಂತೆ ಮನೆ ಬಿಟ್ಟು ಓಡಿದ ಸೀಮೆ ಇದು. ಓಡುವವರು ಬಿಟ್ಟದ್ದನ್ನು ನೆರೆಯವರು ಕಾಯುವುದು, ಕಾಯದಿರುವುದು ಇಲ್ಲಿ ಸಣ್ಣ ಮಾತಲ್ಲ.

ಕೊನೆಯ ತೊಡಕು ಬೀಗದ್ದು. ಮನೆ ಖಾಲಿ ಮಾಡಬೇಕು, ಟ್ರಂಕಿಗೆ ಬೀಗವಿದೆ, ಒಡೆಯಬಹುದೇ? ಗಬಯೇಲನ ಮುದ್ರೆಯನ್ನು ನೆನೆದು ಬೇಡವೇ ಬೇಡ ಎನ್ನುವವರು ನಮ್ಮಲ್ಲಿದ್ದಾರೆ. ಒಳಗೆ ಮನೆಯವರ ವಿಳಾಸ ಸಿಗಬಹುದಲ್ಲ ಎನ್ನುವವರೂ ಇದ್ದಾರೆ. ನಮಗೆ ತೋರುವುದು ಇಷ್ಟು: ಊರಿನವರು, ಬಂಧುಗಳು, ಅವನ ಧರ್ಮಕೇಂದ್ರದ ಗುರುಗಳು, ಎಲ್ಲರನ್ನೂ ಕೇಳಿ ಮುಗಿದ ಮೇಲೆ, ನಂಬುಗೆಯ ಇಬ್ಬರ ಮುಂದೆ ತೆರೆಯಬಹುದು. ಪತ್ರ ಓದಬಾರದು, ಫೋನು ಇದ್ದರೆ ಒಳಗೆ ಇಣುಕಬಾರದು. ಇದ್ದದ್ದನ್ನೆಲ್ಲ ಪಟ್ಟಿ ಮಾಡಿ ಮೂವರೂ ರುಜು ಹಾಕಿ ಮತ್ತೆ ಮುಚ್ಚಬೇಕು. ತೊಬಿತ, ಗಬಯೇಲರು ತಮ್ಮ ಪತ್ರವನ್ನು ಎರಡು ಹೋಳು ಮಾಡಿ ಒಂದನ್ನು ಹಣದ ಜೊತೆಯಲ್ಲೇ ಇಟ್ಟಿದ್ದರು. ಪಟ್ಟಿಯ ಒಂದು ಪ್ರತಿ ಟ್ರಂಕಿನೊಳಗೇ ಇರಲಿ, ಇನ್ನೊಂದು ನಮ್ಮ ಕಡೆ.