ತಿಳಿಯದೆ ತಂದೆಯಾದವರು



ಫುಟ್‌ಬಾಲ್ ಎಂದೊಡನೆ ನಮಗೆ ಕಾಲಿನಿಂದ ಒದೆಯುವ ಗುಂಡನೆಯ ಚೆಂಡು ನೆನಪಾಗುತ್ತದೆ. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿನ ಚೆಂಡು ಎರಡೂ ತುದಿ ಚೂಪಾದದ್ದು. ಅದನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಕಡೆಗೆ ೧೧ ಮಂದಿ. ಅವರಲ್ಲಿ ‘ರನ್ನಿಂಗ್ ಬ್ಯಾಕ್’ ಎಂಬಾತ ಚೆಂಡನ್ನು ಪಕ್ಕೆಗೆ ಅವುಚಿಕೊಂಡು, ಎದುರಾಳಿಗಳ ಗೋಡೆಯಲ್ಲಿ ಬಿರುಕು ಹುಡುಕಿ ನುಗ್ಗುವವನು. ಚೆಂಡು ತನ್ನ ಕೈಯಲ್ಲಿ ಇಲ್ಲದಾಗಲೂ ಅವನಿಗೆ ಬಿಡುವಿಲ್ಲ. ಚೆಂಡು ಎಸೆಯಲು ನಿಂತ ಜೊತೆಗಾರನ ಮೇಲೆ ಎರಗಿ ಬರುವವರಿಗೆ ಎದುರಾಗಿ ನಿಂತು ಆ ಹೊಡೆತವನ್ನು ತಾನು ತಿನ್ನಬೇಕು. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಈ ಹುಡುಗರನ್ನು ತಿದ್ದಲೆಂದೇ ಕಾಲೇಜು ತಂಡಗಳಲ್ಲಿ ಒಬ್ಬ ತರಬೇತುದಾರ ಇರುತ್ತಾನೆ. ಮುಖ್ಯ ತರಬೇತುದಾರನ ಕೈಕೆಳಗಿನ ಹಲವರಲ್ಲಿ ಒಬ್ಬ. ಮುಖ್ಯಸ್ಥನನ್ನು ತೆಗೆದುಹಾಕಿದರೆ ಸಾಮಾನ್ಯವಾಗಿ ಇವನೂ ಗಂಟುಮೂಟೆ ಕಟ್ಟಬೇಕು. ಹೆಂಡತಿ ಮಕ್ಕಳೊಡನೆ ಇನ್ನೊಂದು ಊರು, ಇನ್ನೊಂದು ಶಾಲೆ. ಆಟದ ಋತು ಮುಗಿದ ಮೇಲೂ ಮನೆಮನೆಗೆ ಹೋಗಿ, ಪ್ರೌಢಶಾಲೆಯ ಹುಡುಗರ ತಾಯಂದಿರ ಮುಂದೆ ಕುಳಿತು, ನಿಮ್ಮ ಮಗನನ್ನು ನಮ್ಮ ಕಾಲೇಜಿಗೆ ಕಳುಹಿಸಿ ಎಂದು ಕೇಳುವುದು ಅವನ ಕೆಲಸವೇ.

ಕುಟುಂಬದ ಪುಟದಲ್ಲಿ ಇದೆಲ್ಲ ಏಕೆ ಎನ್ನುತ್ತೀರಾ? ಅಂಥ ಒಬ್ಬ ತರಬೇತುದಾರರ ಕಥೆಯಲ್ಲಿ, ತಂದೆತನ ಎಂದರೇನು ಎಂಬ ಪ್ರಶ್ನೆಗೆ ನಮ್ಮ ಎಷ್ಟೋ ಉಪದೇಶಗಳು ಕೊಡಲಾರದ ಉತ್ತರವಿದೆ.

೧೯೭೨ರಲ್ಲಿ ಒಹಾಯೊ ರಾಜ್ಯದ ಯಂಗ್ಸ್‌ಟೌನ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ ೧೬ ವರ್ಷದ ಹುಡುಗಿಯೊಬ್ಬಳು ಗರ್ಭಿಣಿಯಾದಳು. ನೆರೆಯ ಪೆನ್ಸಿಲ್ವೇನಿಯಾ ರಾಜ್ಯಕ್ಕೆ, ಅವಿವಾಹಿತ ತಾಯಂದಿರ ಆಶ್ರಯಧಾಮವೊಂದಕ್ಕೆ ಹೋದಳು. ಡಿಸೆಂಬರ್ ೧ರಂದು ಗಂಡುಮಗು ಹುಟ್ಟಿತು. ಆಕೆ ಅದಕ್ಕೆ ಜಾನ್ ಎಂದು ಹೆಸರಿಟ್ಟು, ದತ್ತು ಕೊಟ್ಟು ಹಿಂದಿರುಗಿದಳು. ಮಗುವಿನ ತಂದೆಗೆ ಒಂದು ಮಾತೂ ಹೇಳಲಿಲ್ಲ. ಆ ಮೌನವನ್ನು ತಕ್ಕಡಿಯಲ್ಲಿಟ್ಟು ತೂಗಲು ನನಗೆ ಮನಸ್ಸಿಲ್ಲ. ಬಾಯಿ ತೆರೆಯಲು ಆ ಎಳೆಯ ಹುಡುಗಿಗೆ ಸುತ್ತಲಿನವರು ಎಷ್ಟು ಧೈರ್ಯ ಕೊಟ್ಟಿದ್ದರು ಎಂದು ಮೊದಲು ಕೇಳಬೇಕು. ನಮ್ಮ ಧರ್ಮಕೇಂದ್ರಗಳಲ್ಲಿ ಇಂಥ ಹುಡುಗಿಯ ಸುದ್ದಿ ದೇವಾಲಯದ ಮೆಟ್ಟಿಲಿಳಿಯುವಷ್ಟರಲ್ಲಿ ಎಲ್ಲಿಗೆ ತಲುಪುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಮಗುವನ್ನು ದತ್ತು ಪಡೆದ ದಂಪತಿಯೂ ಯಂಗ್ಸ್‌ಟೌನ್‌ನವರೇ. ಅವರಿಟ್ಟ ಹೆಸರು ಡಿಲ್ಯಾಂಡ್ ಮೆಕಲ್ಲಾ. ಸ್ವಲ್ಪ ಕಾಲದಲ್ಲೇ ಗಂಡಹೆಂಡತಿ ಬೇರೆಯಾದರು. ಹುಡುಗನನ್ನು ಸಾಕಿ ಬೆಳೆಸಿದ್ದು ಆ ತಾಯಿ. ದತ್ತು ಮಕ್ಕಳೆಂದರೆ ನಮ್ಮಲ್ಲಿ ಇನ್ನೂ ಹಲವರಿಗೆ ಒಂದು ಬಗೆಯ ಅರೆಮನಸ್ಸು. ‘ಸ್ವಂತದ್ದೇ?’ ಎಂದು ಮಗುವಿನ ಎದುರಿಗೇ ಕೇಳುವವರಿದ್ದಾರೆ. ನಾವು ದೇವರ ಮಕ್ಕಳಾದ ಬಗೆಯನ್ನು ವಿವರಿಸಲು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಆರಿಸಿಕೊಂಡದ್ದು ದತ್ತು ಎಂಬ ಪದವನ್ನೇ ಎಂಬುದು ಅವರಿಗೆ ಮರೆತುಹೋಗಿರಬೇಕು.

ಹುಡುಗ ಒಳ್ಳೆಯ ಓಟಗಾರನಾದ. ೧೯೯೦ರ ಸುಮಾರಿಗೆ ಅವನನ್ನು ಕಾಲೇಜಿಗೆ ಕರೆಯಲು ಬಂದವರಲ್ಲಿ ಶರ್ಮನ್ ಸ್ಮಿತ್ ಒಬ್ಬರು. ಅವರೂ ಯಂಗ್ಸ್‌ಟೌನ್‌ನಲ್ಲೇ ಬೆಳೆದವರು. ೧೯೭೬ರಿಂದ ಸಿಯಾಟಲ್ ಸೀಹಾಕ್ಸ್ ತಂಡದಲ್ಲಿ ರನ್ನಿಂಗ್ ಬ್ಯಾಕ್ ಆಗಿ ಹೆಸರು ಮಾಡಿ, ಆಗ ಮಯಾಮಿ ವಿಶ್ವವಿದ್ಯಾಲಯದಲ್ಲಿ ತರಬೇತುದಾರರಾಗಿದ್ದರು. (ಫ್ಲಾರಿಡಾದ ಮಯಾಮಿ ಅಲ್ಲ, ಒಹಾಯೊದ ಆಕ್ಸ್‌ಫರ್ಡ್ ಎಂಬ ಪುಟ್ಟ ಊರಿನದು.) ನೀವು ತಂದೆಯನ್ನು ಹುಡುಕುತ್ತಿಲ್ಲದಿರಬಹುದು, ಆದರೆ ನಾನು ಮಾತ್ರ ನಿಮ್ಮನ್ನು ನನ್ನ ಮಕ್ಕಳಂತೆಯೇ ನೋಡಿಕೊಳ್ಳುತ್ತೇನೆ ಎಂದು ಸ್ಮಿತ್ ತಮ್ಮ ಹುಡುಗರಿಗೆ ಹೇಳುತ್ತಿದ್ದುದನ್ನು ಮೆಕಲ್ಲಾ ಎಷ್ಟೋ ವರ್ಷಗಳ ಮೇಲೆ ನೆನಪಿಸಿಕೊಂಡಿದ್ದಾರೆ.

ಸ್ಮಿತ್ ಅಲ್ಲಿ ಹೆಚ್ಚು ಕಾಲ ಇರಲಿಲ್ಲ. ೧೯೯೨ರಲ್ಲಿ ಇಲಿನಾಯ್‌ಗೆ ಹೋದರು, ಆಮೇಲೆ ವೃತ್ತಿಪರ ತಂಡಗಳಿಗೆ. ಆದರೂ ಹುಡುಗನ ಕೈ ಬಿಡಲಿಲ್ಲ. ಮೆಕಲ್ಲಾ ಮಯಾಮಿಯಲ್ಲಿ ಒಟ್ಟು ೪,೩೬೮ ಗಜ ಓಡಿ, ವೃತ್ತಿಪರ ಆಟದ ಬಾಗಿಲಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು, ಕೊನೆಗೆ ಶಾಲಾ ಶಿಕ್ಷಕರಾದರು, ಮುಖ್ಯೋಪಾಧ್ಯಾಯರೂ ಆದರು. ಮತ್ತೆ ಆಟದ ಕಡೆ ತಿರುಗಿ ೨೦೧೧ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ರನ್ನಿಂಗ್ ಬ್ಯಾಕ್ ತರಬೇತುದಾರರಾದರು. ಅವರು ತಿದ್ದಿದ ಟೆವಿನ್ ಕೋಲ್‌ಮನ್ ೨೦೧೪ರ ಒಂದೇ ಋತುವಿನಲ್ಲಿ ೨,೦೩೬ ಗಜ ಓಡಿದ. ಈ ವರ್ಷಗಳುದ್ದಕ್ಕೂ ಹೊಸ ಕೆಲಸ ಬಂದಾಗ, ಮನಸ್ಸು ಕಲಕಿದಾಗ, ಮೆಕಲ್ಲಾ ಸ್ಮಿತ್ ಅವರ ಸಲಹೆ ಕೇಳುತ್ತಿದ್ದರು. ಇಬ್ಬರ ಮುಖ, ನಡಿಗೆ ಒಂದೇ ರೀತಿ ಎಂದು ನೋಡಿದವರು ತಮಾಷೆ ಮಾಡುತ್ತಿದ್ದರು.

೨೦೧೭ರ ನವೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹೊಸ ಕಾನೂನು ಜಾರಿಗೆ ಬಂತು. ದತ್ತು ಹೋದವರು ೧೮ ತುಂಬಿದ ಮೇಲೆ ತಮ್ಮ ಮೂಲ ಜನನ ದಾಖಲೆಯ ಪ್ರತಿ ಕೇಳಿ ಪಡೆಯಬಹುದಾಯಿತು. ಆಗ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಮೆಕಲ್ಲಾ ಅದನ್ನು ತರಿಸಿ, ಹೆತ್ತ ತಾಯಿಯನ್ನು ಫೇಸ್‌ಬುಕ್‌ನಲ್ಲಿ ಹುಡುಕಿದರು. ಫೋನಿನಲ್ಲಿ ಮಾತಾಯಿತು. ತಂದೆ ಯಾರು ಎಂದು ಕೇಳಿದರು. ಆಕೆ ಹೇಳಿದ ಹೆಸರು ಶರ್ಮನ್ ಸ್ಮಿತ್.

ಡಿಎನ್‌ಎ ಪರೀಕ್ಷೆ ಅದನ್ನೇ ದೃಢಪಡಿಸಿತು.

ಈ ಸುದ್ದಿಯನ್ನು ಬಹುಮಂದಿ ರಕ್ತದ ಸೆಳೆತ ಎಂದು ಬಣ್ಣಿಸಿದರು. ನನಗೇಕೋ ಆ ವಿವರಣೆ ಒಪ್ಪಿಗೆಯಾಗುವುದಿಲ್ಲ. ರಕ್ತವೇ ಸೆಳೆದಿದ್ದರೆ ಸ್ಮಿತ್ ಮಿಕ್ಕ ಹುಡುಗರನ್ನು ಅದೇ ಅಕ್ಕರೆಯಿಂದ ಏಕೆ ನೋಡಿಕೊಂಡರು? ಎಲ್ಲರಿಗೂ ಮಗನ ಪಾಲನ್ನೇ ಹಂಚಿದ್ದರಿಂದಲ್ಲವೇ ನಿಜವಾದ ಮಗನಿಗೂ ಅದು ದಕ್ಕಿದ್ದು! ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ನಾಟಕ ವಿಚಾರ ನಮಗೆ ಪಾಠವಾಗಿತ್ತು. ಅಜ್ಞಾನದಿಂದ ಅರಿವಿಗೆ ತಿರುಗುವ ಗಳಿಗೆಯ ಬಗ್ಗೆ ಅವನು ಹೇಳುತ್ತಾನೆ; ಈಡಿಪಸ್ ರಾಜನ ಕಥೆ ಅವನಿಗೆ ಅಚ್ಚುಮೆಚ್ಚಿನ ಉದಾಹರಣೆ. ಈಡಿಪಸ್ ತಿಳಿಯದೆ ತಂದೆಯನ್ನು ಕೊಂದಿದ್ದ. ಸತ್ಯ ತಿಳಿದಾಗ ಕಣ್ಣು ಕಿತ್ತುಕೊಂಡ. ಇಲ್ಲಿ ಸತ್ಯ ತಿಳಿದಾಗ ಹಿಂದಿರುಗಿ ನೋಡಿದರೆ ೨೭ ವರ್ಷಗಳ ಒಳ್ಳೆಯ ನಡತೆ ಕಾಣುತ್ತದೆ. ಮತ್ತಾಯನ ಶುಭಸಂದೇಶದ ೨೫ನೇ ಅಧ್ಯಾಯದ ನ್ಯಾಯತೀರ್ಪಿನಲ್ಲಿ ಬಲಗಡೆಯವರು ಬೆರಗಾಗಿ ಕೇಳುವ ಪ್ರಶ್ನೆ ನೆನಪಿದೆಯೇ? ತಾವು ಉಣಬಡಿಸಿದ್ದು, ಉಡಿಸಿದ್ದು ಯಾರಿಗೆ ಎಂಬುದು ಅವರಿಗೂ ತಿಳಿದಿರಲಿಲ್ಲ.

ಆದರೂ ಸ್ಮಿತ್ ಅವರನ್ನು ಸಂತರ ಪೀಠಕ್ಕೆ ಏರಿಸುವುದು ಬೇಡ. ಹುಡುಗರಿಗೆ ಜವಾಬ್ದಾರಿ ಕಲಿಸುತ್ತಾ ಬಂದ ತಾನೇ ಒಮ್ಮೆ ಬೇಜವಾಬ್ದಾರಿಯಿಂದ ನಡೆದಿದ್ದೆ ಎಂಬ ನೋವು ಅವರನ್ನು ಕಾಡಿತು. ಒಬ್ಬ ಹುಡುಗಿ ೧೬ರ ವಯಸ್ಸಿನಲ್ಲಿ ಒಬ್ಬಂಟಿಯಾಗಿ ಹೊತ್ತ ಭಾರದ ಅರ್ಧ ಅವರದಾಗಿತ್ತು. ಆ ಸಾಲ ತೀರಿತು ಎಂದು ನಾನು ಹೇಳಲಾರೆ. ಆದರೆ ಮಗ ಎದುರು ಬಂದಾಗ ಅವರು ಮುಖ ತಿರುಗಿಸಲಿಲ್ಲ, ಅಪ್ಪಿಕೊಂಡರು. ಎಷ್ಟು ಮಂದಿ ಮರ್ಯಾದಸ್ಥರು ಆ ವಯಸ್ಸಿನಲ್ಲಿ ಹಾಗೆ ಬಹಿರಂಗವಾಗಿ ಒಪ್ಪಿಕೊಳ್ಳುತ್ತಾರೆ?

ಮೆಕಲ್ಲಾ ಆಮೇಲೆ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡಕ್ಕೆ ಹೋದರು. ೨೦೨೦ರ ಫೆಬ್ರವರಿಯಲ್ಲಿ ಆ ತಂಡ ಸೂಪರ್ ಬೌಲ್ ಗೆದ್ದಿತು. ಇಂಡಿಯಾನಾಗೆ ಮರಳಿ ಒಂದು ವರ್ಷವಿದ್ದು, ೨೦೨೨ರಲ್ಲಿ ನೋತ್ರ ದಾಮ್ ವಿಶ್ವವಿದ್ಯಾಲಯ ಸೇರಿದರು. ಪವಿತ್ರ ಶಿಲುಬೆ ಸಭೆಯ ಫಾದರ್ ಎಡ್ವರ್ಡ್ ಸೋರಿನ್ ೧೮೪೨ರಲ್ಲಿ ಆರಂಭಿಸಿದ, ಮಾತೆ ಮರಿಯಳ ಹೆಸರು ಹೊತ್ತ ವಿದ್ಯಾಸಂಸ್ಥೆ ಅದು. ತವರಿನ ಪಂದ್ಯಕ್ಕೆ ಮೊದಲು ತಂಡ ಬಲಿಪೂಜೆಗೆ ಸೇರುವ ವಾಡಿಕೆ ಅಲ್ಲಿದೆ. ೨೦೨೪ರ ಡಿಸೆಂಬರ್ ೨೦ರಂದು ಮೆಕಲ್ಲಾ ಅವರ ಹುಡುಗ ಜೆರಮಾಯ ಲವ್ ಇಂಡಿಯಾನಾ ವಿರುದ್ಧವೇ ೯೮ ಗಜ ಓಡಿ ಅಂಕ ತಂದ. ಒಂದು ತಿಂಗಳ ನಂತರ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಒಹಾಯೊ ಸ್ಟೇಟ್ ಎದುರು ತಂಡ ೩೪–೨೩ರಿಂದ ಸೋತಿತು.

೨೦೨೫ರಲ್ಲಿ ಅವರು ಲಾಸ್ ವೇಗಸ್ ರೈಡರ್ಸ್ ತಂಡಕ್ಕೆ ಹೋದರು. ಅಲ್ಲಿ ಆಗ ಮುಖ್ಯ ತರಬೇತುದಾರರಾಗಿದ್ದವರು ಪೀಟ್ ಕ್ಯಾರಲ್. ೨೦೧೦ರಿಂದ ೨೦೧೭ರ ವರೆಗೆ ಸಿಯಾಟಲ್‌ನಲ್ಲಿ ಶರ್ಮನ್ ಸ್ಮಿತ್ ಇದೇ ಕ್ಯಾರಲ್ ಅವರ ಕೈಕೆಳಗೆ ಇದೇ ಕೆಲಸ ಮಾಡಿದ್ದರು.