ಬಿಸಿಲಿನ ಕೋಪ ಯಾರ ಲೆಕ್ಕಕ್ಕೆ?

ಹವೆಯು ಮನುಷ್ಯನ ದೇಹವನ್ನು ಮಾತ್ರವಲ್ಲ, ಮನಸ್ಸನ್ನೂ ಮುಟ್ಟುತ್ತದೆಂದು ನಾರಾಯಣಪುರದ ಜನರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಹಗಲಿಡೀ ಕಾದ ಕಲ್ಲಿನ ಗೋಡೆ, ತಗಡಿನ ಸೂರು ರಾತ್ರಿಯೂ ಶಾಖವನ್ನು ಉಗುಳುತ್ತಿರುತ್ತವೆ. ಮಲಗಿದವರಿಗೆ ನಿದ್ದೆ ಬಾರದು. ಮರುದಿನ ಮಗುವಿನ ಅಳು, ಸಾರಿಗೆ ಹೆಚ್ಚಾದ ಉಪ್ಪು, ನಳದ ಮುಂದಿನ ಸರದಿ, ಜಗಳಕ್ಕೆ ಯಾವ ನೆಪವಾದರೂ ಸಾಕು. ಸಂಜೆಗೆ, "ಬಿಸಿಲಿಗೆ ತಲೆ ಕೆಟ್ಟಿತ್ತು" ಎಂದು ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಈ ಸಮಜಾಯಿಷಿ ಎಷ್ಟರ ಮಟ್ಟಿಗೆ ಸರಿ?

ಅದರಲ್ಲಿ ಸತ್ಯಾಂಶವಿದೆ. ಗಾಢ ನಿದ್ದೆ ಬರಬೇಕಾದರೆ ದೇಹದ ಒಳಗಿನ ಶಾಖ ಸ್ವಲ್ಪ ಇಳಿಯಬೇಕು. ಸೆಕೆ ಅದಕ್ಕೆ ಅಡ್ಡಿಯಾಗುತ್ತದೆ. ನಿದ್ದೆಗೆಟ್ಟವನ ಸಹನೆ ಬೇಗನೆ ಮುಗಿಯುತ್ತದೆ. ಅಮೆರಿಕಾದ ಫೀನಿಕ್ಸ್ ನಗರದಲ್ಲಿ ನಡೆದು 1986ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಸಿರು ದೀಪ ಬಂದರೂ ಕದಲದ ಕಾರಿನ ಹಿಂದಿದ್ದವರು ಎಷ್ಟು ಹಾರ್ನ್ ಮಾಡುತ್ತಾರೆಂದು ನೋಡಲಾಯಿತು. ಬಿಸಿಲೇರಿದಂತೆ ಹಾರ್ನ್ ಹೆಚ್ಚಿತು. ಗಾಜು ಇಳಿಸಿ ಸೆಕೆಯಲ್ಲಿ ಕುಳಿತಿದ್ದ ಚಾಲಕರಲ್ಲಿ ಇದು ಇನ್ನಷ್ಟು ಸ್ಪಷ್ಟವಾಗಿತ್ತು.

ಇದಕ್ಕೂ ಆರು ಶತಮಾನಗಳ ಮೊದಲೇ ಇಬ್ನು ಖಲ್ದೂನ್ (1332-1406) ತನ್ನ 'ಮುಕದ್ದಿಮಾ'ದಲ್ಲಿ ಈ ವಿಷಯವನ್ನು ಎತ್ತಿಕೊಂಡಿದ್ದರು. ಬಿಸಿ ಹವೆಯ ಜನರು ಉಲ್ಲಾಸಿಗಳು, ನಾಳೆಯ ಚಿಂತೆಯಿಲ್ಲದವರು. ತಣ್ಣನೆಯ ಬೆಟ್ಟಗಳ ನಡುವಿನ ಫೆಝ್ ನಗರದವರಾದರೋ ವರ್ಷಗಳಿಗಾಗುವಷ್ಟು ಗೋಧಿ ಕೂಡಿಟ್ಟೂ ಚಿಂತಿಸುವವರೆಂಬುದು ಅವರ ಅಭಿಪ್ರಾಯ. ಆ ಮಹಾ ವಿದ್ವಾಂಸರು ಮೇ ತಿಂಗಳಲ್ಲಿ ಕೃಷ್ಣಾ ತೀರಕ್ಕೆ ಬಂದಿದ್ದರೆ ಉಲ್ಲಾಸದ ಮಾತನ್ನು ತುಸು ತಿದ್ದುತ್ತಿದ್ದರೇನೋ! ಹವೆಯಿಂದಲೇ ಒಂದು ಜನಾಂಗದ ಸ್ವಭಾವವನ್ನು ನಿರ್ಧರಿಸುವುದು ಎಂದೂ ಸುರಕ್ಷಿತವಲ್ಲ.

ಇನ್ನೊಂದು ವಿಚಾರವನ್ನು ಗಮನಿಸಬೇಕು. ಅದೇ ಬಿಸಿಲಲ್ಲಿ, ಅದೇ ಮಧ್ಯಾಹ್ನ, ಕಚೇರಿಯ ಸಾಹೇಬರ ಮುಂದೆ ನಿಂತವನು ಧ್ವನಿ ಏರಿಸುವುದಿಲ್ಲ. ಸಾಲ ಕೊಟ್ಟವನ ಎದುರು ನಗುತ್ತಲೇ ಮಾತಾಡುತ್ತಾನೆ. ಮನೆಯ ಹೊಸ್ತಿಲು ದಾಟಿದೊಡನೆ ಅವನ ತಲೆ ಕೆಡುತ್ತದೆ. ಕೋಪ ಬಂದದ್ದು ಬಿಸಿಲಿನಿಂದಲೇ ಇರಬಹುದು, ಆದರೆ ಅದನ್ನು ಯಾರ ಮೇಲೆ ಸುರಿಯಬೇಕೆಂದು ಆರಿಸಿದ್ದು ಬಿಸಿಲಲ್ಲ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೆಂದವರು ಒಲೆಯ ಮುಂದೆ ನಿಂತ ತಾಯಿ, ಮಡದಿ, ಸೊಸೆ. ಬೈಗುಳ ತಿನ್ನುವವರೂ ಹೆಚ್ಚಾಗಿ ಅವರೇ.

ಇಸ್ಲಾಮ್ ಹವೆಯ ಪ್ರಭಾವವನ್ನು ಕಡೆಗಣಿಸುವುದಿಲ್ಲ. ಬಿಸಿಲು ತೀವ್ರವಾದಾಗ ಝುಹರ್ ನಮಾಝನ್ನು ತುಸು ತಂಪಾಗುವವರೆಗೆ ತಡಮಾಡಲು ಪ್ರವಾದಿ(ಸ) ಹೇಳಿದ್ದಾರೆ. ಮಳೆ, ಚಳಿಯ ರಾತ್ರಿ ಮನೆಯಲ್ಲೇ ನಮಾಝ್ ಮಾಡಲು ಅನುಮತಿಯಿದೆ. ಆದರೆ ಹಿಜರಿ 9ರಲ್ಲಿ ತಬೂಕ್‌ಗೆ ಹೊರಡುವಾಗ ಬಿಸಿಲಿನ ನೆಪ ಹೇಳಿ ಹಿಂದುಳಿದವರನ್ನು ಕುರ್‌ಆನ್ (9:81) ಖಂಡಿಸಿತು. ದೇಹದ ಕಷ್ಟಕ್ಕೆ ರಿಯಾಯಿತಿಯಿದೆ, ಕರ್ತವ್ಯದಿಂದ ಜಾರಿಕೊಳ್ಳುವುದಕ್ಕಿಲ್ಲ. ನಿಂತಿರುವಾಗ ಕೋಪ ಬಂದರೆ ಕುಳಿತುಕೊಳ್ಳಬೇಕು, ಅದೂ ಸಾಲದಿದ್ದರೆ ಮಲಗಬೇಕೆಂಬ ಪ್ರವಾದಿ(ಸ)ರ ಸಲಹೆಯೂ ದೇಹವನ್ನೇ ಮೊದಲು ಹಿಡಿಯುತ್ತದೆ.

ದುಃಖದ ವಿಷಯ ಮಾತ್ರ ಬೇರೆ. ನಾರಾಯಣಪುರದಲ್ಲಿ ಆಕಾಶ ಶುಭ್ರವಾಗಿದ್ದಾಗಲೂ ದೂರದ ಸಹ್ಯಾದ್ರಿಯ ಮಳೆಗೆ ಬಸವಸಾಗರದ ಗೇಟುಗಳು ತೆರೆಯುತ್ತವೆ. ಕೆಳಗಿನ ನೀಲಕಂಠರಾಯನಗಡ್ಡಿಯ ಸುತ್ತಲೂ ನೀರು ತುಂಬಿಕೊಳ್ಳುತ್ತದೆ. 2009 ಮತ್ತು 2019ರ ನೆರೆಯನ್ನು ಕಂಡ ಹೊಳೆದಂಡೆಯವರಿಗೆ ಮೋಡ ಕವಿದೊಡನೆ ಎದೆ ಭಾರವಾಗುವುದು ಸಹಜ. ಬೆಳಕು ಕಡಿಮೆಯಾಗುವ ಋತುವಿನಲ್ಲಿ ಕೆಲವರನ್ನು ಖಿನ್ನತೆ ಕಾಡುತ್ತದೆಂದು ವೈದ್ಯರು 1984ರಲ್ಲಿ ವಿವರಿಸಿದರು. ಪ್ರಖರ ಬೆಳಕಿನ ಚಿಕಿತ್ಸೆಯೂ ಇದೆ. ಅಂತಹವರನ್ನು ಈಮಾನ್ ಸಾಲದೆಂದು ಚುಚ್ಚುವುದು ಅನ್ಯಾಯ. ಅವರ ಕುಗ್ಗುವಿಕೆ ಯಾರನ್ನೂ ನೋಯಿಸುವುದಿಲ್ಲ, ಅವರನ್ನೇ ನೋಯಿಸುತ್ತದೆ.

2018ರಲ್ಲಿ ರಮಝಾನ್ ಮೇ-ಜೂನ್ ತಿಂಗಳಲ್ಲಿ ಬಂದಿತ್ತು. ಉಪವಾಸವಿದ್ದ ಹೆಂಗಸರು ಉರಿ ಸಂಜೆಯಲ್ಲಿ ಒಲೆಯ ಮುಂದೆ ನಿಂತು ಇಫ್ತಾರಿಗೆ ಕರಿದರು. ಚಾಂದ್ರ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ 2050ರ ಆಸುಪಾಸಿನಲ್ಲಿ ಅದೇ ಬೇಸಿಗೆಯ ಉಪವಾಸ ಮರಳಿ ಬರುತ್ತದೆ. ಇಂದಿನ ಗಂಡುಮಕ್ಕಳಿಗೆ ಒಲೆ ಹಚ್ಚಲು ಕಲಿಸುವಷ್ಟು ಸಮಯವಿದೆ.