ಆಡಿದವರನ್ನಲ್ಲ, ಮಾತನ್ನು ನೋಡಿ

ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿ, ದೃಷ್ಟಿ ಪಡೆದ ಹುಟ್ಟುಕುರುಡನು ಫರಿಸಾಯರ ಮುಂದೆ ಸರಳವಾಗಿ ವಾದಿಸುತ್ತಾನೆ: ತನಗೆ ಕಣ್ಣು ಕೊಟ್ಟವರು ದೇವರಿಂದ ಬಂದವರೇ ಆಗಿರಬೇಕು. ಅವರು ಆ ಮಾತಿಗೆ ಉತ್ತರ ಕೊಡುವುದಿಲ್ಲ. ಅವನ ಹುಟ್ಟನ್ನೇ ಹಳಿದು ಹೊರಗಟ್ಟುತ್ತಾರೆ.

ಮಾತನ್ನು ಬಿಟ್ಟು ಆಡಿದವರನ್ನು ಹಳಿಯುವ ಈ ತಪ್ಪು ತರ್ಕ ನಮ್ಮ ಕುಟುಂಬಗಳಲ್ಲೂ ಉಂಟು. "ಅಪ್ಪಾ, ಕುಡಿತ ಬಿಡಿ" ಎನ್ನುವ ಮಗಳಿಗೆ, "ನನ್ನ ಅನ್ನ ತಿಂದು ನನಗೇ ಬುದ್ಧಿ ಹೇಳ್ತೀಯಾ?" ಎಂಬ ಉತ್ತರ. ಅನ್ನ ಯಾರದಾದರೇನು, ಕುಡಿತದಿಂದ ಮನೆ ಹಾಳಾಗುತ್ತಿರುವುದು ಸುಳ್ಳಾದೀತೇ?

13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಎದುರು ವಾದಗಳನ್ನು ಮೊದಲು ಬರೆದು, ಆಮೇಲೆ ಉತ್ತರಿಸುತ್ತಾರೆ. ನಾವೂ ಮನೆಯವರ ಮಾತನ್ನು ಮೊದಲು ಪೂರ್ತಿ ಕೇಳೋಣ. ಹೇಳಿದವರು ಚಿಕ್ಕವರೆಂಬುದು ಉತ್ತರವಲ್ಲ. ಹೊರಗಟ್ಟಲಾದವನನ್ನು ಯೇಸುಸ್ವಾಮಿಯೇ ಕಂಡು ಮಾತನಾಡಿಸಿದರೆಂಬುದನ್ನು ಮರೆಯದಿರೋಣ.